ಮರೆವಿನ ಹೆಸರಿನಲ್ಲಿ ಬಂದ ಖಿನ್ನತೆ: ಹಳ್ಳಿಯ ವೃದ್ಧೆಯೊಬ್ಬರ ಪ್ರಕರಣ ಅಧ್ಯಯನ

ಇಲ್ಲಿ ವಿವರಿಸಿರುವ ವೃದ್ಧೆ ನಿರ್ದಿಷ್ಟ ವ್ಯಕ್ತಿಯೊಬ್ಬರಲ್ಲ. ಹಳ್ಳಿಗಳ ಚಿಕಿತ್ಸಾಲಯಗಳಲ್ಲಿ ಮತ್ತೆ ಮತ್ತೆ ಎದುರಾಗುವ ಸಂಗತಿಗಳನ್ನು ಒಂದೇ ಪ್ರಕರಣದ ಚೌಕಟ್ಟಿಗೆ ತಂದು ಬರೆಯಲಾಗಿದೆ. ಆದ್ದರಿಂದ ಊರು, ಹೆಸರು, ಮನೆತನದ ಗುರುತು ಯಾವುದೂ ಇದರಲ್ಲಿಲ್ಲ. ‘ನಾವು’ ಎಂಬುದು ಅಂಥ ಚಿಕಿತ್ಸಾಲಯವೊಂದರ ವೈದ್ಯರು ಮತ್ತು ಆರೋಗ್ಯ ಕಾರ್ಯಕರ್ತೆಯ ಪರವಾಗಿ ಆಡಿದ ಮಾತು.

ಬಂದ ಕಾರಣ

72 ವರ್ಷದ ಈ ಮಹಿಳೆಯನ್ನು ಮಗ ಕರೆತಂದದ್ದು ಮರೆವಿಗಾಗಿ. ಒಲೆಯ ಮೇಲಿಟ್ಟದ್ದು ಎರಡು ಸಲ ಸೀದುಹೋಗಿತ್ತು. ಬೀಗದ ಕೈ ಎಲ್ಲಿಟ್ಟೆನೆಂದು ತಿಳಿಯದೆ ಒಂದು ರಾತ್ರಿ ಅವರು ಬಾಗಿಲ ಹೊರಗೇ ಕುಳಿತಿದ್ದರು. ಮೊಮ್ಮಕ್ಕಳ ಹೆಸರು ಹೇಳುವಾಗ ತಡವರಿಸುತ್ತಿದ್ದರು. ದೂರದ ನಗರದಲ್ಲಿ ಕೆಲಸದಲ್ಲಿದ್ದ ಮಗ ದಿನವೂ ರಾತ್ರಿ ಫೋನ್ ಮಾಡುತ್ತಿದ್ದ, ತಾಯಿ ದಿನವೂ “ಚೆನ್ನಾಗಿದ್ದೀನಪ್ಪ, ನೀವು ಹುಷಾರು” ಎಂದು ಮಾತು ಮುಗಿಸುತ್ತಿದ್ದರು. ರಜೆಯಲ್ಲಿ ಊರಿಗೆ ಬಂದವನಿಗೆ ತಾಯಿ ಅರ್ಧ ಇಳಿದುಹೋಗಿರುವುದು ಕಣ್ಣಿಗೆ ಬಿತ್ತು. ಅಲ್ಲಿ ಇಲ್ಲಿ ಓದಿಕೊಂಡು, ಇದು ಡಿಮೆನ್ಷಿಯಾವೇ, ಅಂದರೆ ಮಿದುಳು ಕ್ರಮೇಣ ಕೆಟ್ಟು ಬರುವ ಮರೆವಿನ ಕಾಯಿಲೆಯೇ ಸರಿ ಎಂದು ತಾನಾಗಿಯೇ ತೀರ್ಮಾನಿಸಿಕೊಂಡು ಆತ ನಮ್ಮಲ್ಲಿಗೆ ಬಂದಿದ್ದ.

ಅದಕ್ಕೂ ಹಿಂದಿನ ಒಂದು ವರ್ಷದಲ್ಲಿ ಅವರು ಬೇರೆ ಬೇರೆ ಕಡೆ ಏಳೆಂಟು ಸಲ ತೋರಿಸಿಕೊಂಡಿದ್ದರು. ಎಲ್ಲ ಕಡೆಯೂ ದೂರು ಒಂದೇ: ಕೈಕಾಲಲ್ಲಿ ಶಕ್ತಿ ಇಲ್ಲ, ಎದೆ ಭಾರ, ಊಟ ಸೇರುವುದಿಲ್ಲ, ನಿದ್ದೆ ಹತ್ತುವುದಿಲ್ಲ. ಒಂದು ಕಡೆ ವಿಟಮಿನ್ ಚುಚ್ಚುಮದ್ದು, ಇನ್ನೊಂದು ಕಡೆ ಟಾನಿಕ್, ಮತ್ತೊಂದು ಕಡೆ ನಿದ್ದೆಮಾತ್ರೆ ಸಿಕ್ಕಿತ್ತು. ಚೀಟಿಗಳು ಬೇರೆಯಾದರೂ ಎಲ್ಲ ಕಡೆಯೂ ಕೇಳಿದ ಮಾತು ಒಂದೇ ಆಗಿತ್ತು: “ವಯಸ್ಸಾಯ್ತಲ್ಲ, ಇನ್ನೇನು?” ಸಮಾಧಾನದ ಧಾಟಿಯಲ್ಲಿ ಬರುವ ಈ ಮಾತು ಕೇಳುವವರ ಪಾಲಿಗೆ ರೋಗನಿರ್ಣಯವೇ ಆಗಿಬಿಡುತ್ತದೆ, ಮುಂದಿನ ಪ್ರಶ್ನೆಗಳನ್ನೆಲ್ಲ ನಿಲ್ಲಿಸಿಬಿಡುತ್ತದೆ. ಅವರೂ ಅದನ್ನೇ ನಂಬಿಕೊಂಡಿದ್ದರು.

ಹಿನ್ನೆಲೆ

ಪಾರ್ಶ್ವವಾಯು ಹೊಡೆದು ಮಲಗಿದ ಗಂಡನ ಆರೈಕೆಯನ್ನು ಅವರು ಎರಡು ವರ್ಷ ಒಬ್ಬರೇ ಮಾಡಿದ್ದರು. ಗಂಡ ತೀರಿಕೊಂಡು 14 ತಿಂಗಳಾಗಿತ್ತು. ಅದಾಗಿ ಎರಡು ತಿಂಗಳಿಗೆ, ಈ ವಯಸ್ಸಿನಲ್ಲಿ ತಾಯಿ ಸೆಗಣಿ ಬಾಚುವುದು ಬೇಡವೆಂದು ಮಗ ಎರಡು ಹಸುಗಳನ್ನೂ ಮಾರಿಸಿದ. ಹೊಲವನ್ನು ಪಕ್ಕದವರಿಗೆ ಗುತ್ತಿಗೆಗೆ ಕೊಟ್ಟದ್ದಾಯಿತು. ತಿಂಗಳು ತಿಂಗಳು ಹಣ ಬರುತ್ತಿತ್ತು, ನೀರು ಹೊರುವುದಕ್ಕೂ ಜನ ನೇಮಕವಾಗಿತ್ತು. “ನೀನು ಸುಮ್ಮನೆ ಕೂತ್ಕೊಂಡು ಆರಾಮಾಗಿರು” ಎಂಬುದು ಮಗ ತಾಯಿಗೆ ಕೊಟ್ಟ ಉಡುಗೊರೆ. ಅದರ ಹಿಂದಿನ ಪ್ರೀತಿಯನ್ನು ಅನುಮಾನಿಸಲು ಕಾರಣವೇ ಇಲ್ಲ. ಆದರೆ ಕಾಯಿಲೆಯ ದಾರಿ ತೆರೆದದ್ದು ಅಲ್ಲೇ ಎಂದು ನಮಗೆ ತಿಳಿದದ್ದು ನೆರೆಮನೆಯ ಹೆಂಗಸಿನಿಂದ. ಆಕೆ ಹೇಳಿದ್ದು ಹೀಗೆ: “ಯಜಮಾನರು ಹೋದಾಗ ಅತ್ತರು, ಒಂದೆರಡು ತಿಂಗಳಲ್ಲಿ ಸುಧಾರಿಸಿಕೊಂಡರು. ದನ ಹೋದ ಮೇಲೆ ಅಳಲೂ ಇಲ್ಲ, ಸುಮ್ಮನಾಗಿಬಿಟ್ಟರು.”

ಪ್ರಕರಣದ ದಿಕ್ಕನ್ನು ಬದಲಿಸಿದ ಮಾತು ಇದು. ವೃದ್ಧಾಪ್ಯದ ಖಿನ್ನತೆಯನ್ನು ಕೂಡಲೇ ವೈಧವ್ಯಕ್ಕೆ ಗಂಟುಹಾಕುವ ಅಭ್ಯಾಸ ನಮ್ಮೆಲ್ಲರಲ್ಲೂ ಇದೆ. ದುಃಖ ಅಲೆ ಅಲೆಯಾಗಿ ಬರುತ್ತದೆ, ನೆನಪುಗಳೊಂದಿಗೆ ಏರಿಳಿಯುತ್ತದೆ, ನಡುವೆ ನಗುವಿಗೂ ಜಾಗ ಬಿಡುತ್ತದೆ. ದುಃಖಿಸುವವರು ತಮ್ಮನ್ನು ತಾವು ನಿಷ್ಪ್ರಯೋಜಕರೆಂದು ಸಾಮಾನ್ಯವಾಗಿ ತಿಳಿಯುವುದಿಲ್ಲ. ಆರು ತಿಂಗಳು ದಾಟಿದ ಮೇಲೂ ಅಗಲಿದವರ ಹಂಬಲವೊಂದೇ ಬದುಕನ್ನು ಆವರಿಸಿಕೊಂಡು ದಿನಚರಿಯನ್ನು ಕೆಡಿಸುತ್ತಿದ್ದರೆ ಅದನ್ನು ದೀರ್ಘಕಾಲೀನ ಶೋಕವೆಂಬ ಬೇರೆಯೇ ತೊಂದರೆಯಾಗಿ ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಎಂಬ ರೋಗಗಳ ವರ್ಗೀಕರಣ ಗುರುತಿಸುತ್ತದೆ. ಈ ವೃದ್ಧೆಯ ಮಾತಿನಲ್ಲಿ ಗಂಡನ ಹಂಬಲ ಅಷ್ಟಾಗಿ ಇರಲಿಲ್ಲ. ಇದ್ದದ್ದು ತಾನು ಯಾರಿಗೂ ಬೇಡವಾದೆನೆಂಬ ಭಾವ.

ನಿದ್ದೆಯ ವಿಷಯದಲ್ಲಿ ಒಂದು ಸೂಕ್ಷ್ಮವಿತ್ತು. ಬೆಳಗಿನ ಜಾವ ಮೂರೂವರೆಗೇ ಎಚ್ಚರವಾಗಿ ಮತ್ತೆ ನಿದ್ದೆ ಬಾರದಿರುವುದು ಖಿನ್ನತೆಯ ಗುರುತಿಸಬಹುದಾದ ಲಕ್ಷಣ. ಆದರೆ ಹಾಲು ಕರೆಯಲೆಂದು ಅವರು ಐವತ್ತು ವರ್ಷ ಕತ್ತಲಿರುವಾಗಲೇ ಏಳುತ್ತಿದ್ದವರಾದ್ದರಿಂದ ಮನೆಯವರಿಗೆ ಇದರಲ್ಲಿ ಹೊಸದೇನೂ ಕಾಣಲಿಲ್ಲ. ಮೊದಲು ಏಳುತ್ತಿದ್ದದ್ದು ಹಸು ಕೂಗುತ್ತಿದ್ದ ಕಾರಣಕ್ಕೆ, ಈಗ ಕಾರಣವೇ ಇಲ್ಲದೆ ಎಂಬ ವ್ಯತ್ಯಾಸ ಕೇಳಿದ ಮೇಲಷ್ಟೇ ಹೊರಬಂತು.

ಪರೀಕ್ಷೆ

ಒಂದು ವರ್ಷದಲ್ಲಿ ಸುಮಾರು 6 ಕಿಲೋ ತೂಕ ಇಳಿದಿತ್ತು. ರಕ್ತದೊತ್ತಡ 168/94. ಕೈ ನಡುಕ, ನಡಿಗೆಯ ಬಿಗಿತ, ಒಂದು ಬದಿಯ ನಿಶ್ಶಕ್ತಿ ಯಾವುದೂ ಇರಲಿಲ್ಲ. ಹಿಮೋಗ್ಲೋಬಿನ್ ತುಸು ಕಡಿಮೆ, ಥೈರಾಯ್ಡ್, ಬಿ-12, ಸಕ್ಕರೆ, ಕ್ಯಾಲ್ಸಿಯಂ ಸರಿಯಾಗಿದ್ದವು, ರಕ್ತದ ಸೋಡಿಯಂ ಕೂಡ ಸರಿಯೇ, 138. ಈ ಕೊನೆಯ ಅಂಕಿಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಎರಡೂ ಕಿವಿಗಳಲ್ಲಿ ಗುಗ್ಗೆ ಗಟ್ಟಿಯಾಗಿ ತುಂಬಿತ್ತು, ಅದರ ಹಿಂದೆ ವಯೋಸಹಜ ಕಿವುಡೂ ಇತ್ತು. ಹೆಸರು ಕೇಳಿದಾಗ ತಡವರಿಸುತ್ತಿದ್ದುದರಲ್ಲಿ ಒಂದು ಪಾಲು ಪ್ರಶ್ನೆಯೇ ಕೇಳಿಸದ ಕಾರಣಕ್ಕೆ.

ನೆನಪಿನ ಪರೀಕ್ಷೆ ಅಷ್ಟು ಸುಲಭವಾಗಲಿಲ್ಲ. 1975ರಿಂದ ಬಳಕೆಯಲ್ಲಿರುವ ಮಿನಿ ಮೆಂಟಲ್ ಸ್ಟೇಟ್ ಪರೀಕ್ಷೆ ಒಂದು ವಾಕ್ಯ ಬರೆಯಿರಿ, ಈ ಆಕೃತಿಯನ್ನು ನಕಲು ಮಾಡಿ, ನೂರರಿಂದ ಏಳೇಳು ಕಳೆಯುತ್ತ ಬನ್ನಿ ಎಂದು ಕೇಳುತ್ತದೆ. ಶಾಲೆಯ ಮೆಟ್ಟಿಲನ್ನೇ ಹತ್ತದವರು ಇದರಲ್ಲಿ ಅಂಕ ಕಳೆದುಕೊಂಡರೆ ಅದು ಮಿದುಳಿನ ದೋಷವೆನ್ನಲು ಬರುವುದಿಲ್ಲ. ಅನಕ್ಷರಸ್ಥ ಹಿರಿಯರಿಗೆಂದೇ ಈ ಪರೀಕ್ಷೆಯ ಹಿಂದಿ ರೂಪವೊಂದನ್ನು ಸಂಶೋಧಕರು ಸಿದ್ಧಪಡಿಸಿ 1995ರಲ್ಲಿ ಪ್ರಕಟಿಸಿದ್ದರ ಹಿಂದಿನ ಕಾರಣವೂ ಇದೇ. ನಾವು ಬರವಣಿಗೆ ಬೇಡದ ಪ್ರಶ್ನೆಗಳನ್ನಷ್ಟೇ ಬಳಸಿದೆವು. ಉತ್ತರಗಳ ರೀತಿ ಉತ್ತರಗಳಿಗಿಂತ ಹೆಚ್ಚನ್ನು ಹೇಳಿತು. ಯಾವ ತಿಂಗಳು ಎಂದರೆ “ಗೊತ್ತಿಲ್ಲ”, ಈಗ ಹೇಳಿದ ಮೂರು ಪದ ಯಾವುವು ಎಂದರೆ “ಗೊತ್ತಿಲ್ಲ, ನನ್ನನ್ನು ಕೇಳಬೇಡಿ, ತಲೆ ಪೂರ್ತಿ ಹೋಯ್ತು.” ಡಿಮೆನ್ಷಿಯಾದ ಆರಂಭದಲ್ಲಿರುವವರು ಬಹಳ ಸಲ ತಪ್ಪು ಉತ್ತರ ಕೊಡುತ್ತಾರೆ, ತಪ್ಪನ್ನು ಮುಚ್ಚಲು ಜಾಣತನದಿಂದ ಮಾತು ಮರೆಸುತ್ತಾರೆ, ಮರೆವನ್ನು ತಾವಾಗಿ ಹೇಳಿಕೊಳ್ಳುವುದು ಕಡಿಮೆ. ಇವರು ಉತ್ತರಿಸುವ ಪ್ರಯತ್ನವನ್ನೇ ಮಾಡುತ್ತಿರಲಿಲ್ಲ, ಮರೆವನ್ನು ಮಾತ್ರ ಎಲ್ಲರಿಗಿಂತ ಜೋರಾಗಿ ದೂರುತ್ತಿದ್ದರು. ಒಂದು ಸುಳಿವು ಕೊಟ್ಟರೆ ಆ ಮೂರು ಪದಗಳಲ್ಲಿ ಎರಡು ತಾವಾಗಿಯೇ ಬಂದವು. ಆರೋಗ್ಯ ಕಾರ್ಯಕರ್ತೆ ಹಸುಗಳ ವಿಷಯ ತೆಗೆದಾಗಲಂತೂ ಯಾವುದು ಯಾವ ಹಂಗಾಮಿನಲ್ಲಿ ಎಷ್ಟನೆಯ ಕರು ಹಾಕಿತು, ಯಾವುದರ ಕೆಚ್ಚಲು ಬಾತಿತ್ತು ಎಂಬುದನ್ನು ಅವರು ಕ್ರಮ ತಪ್ಪದೆ ಹೇಳಿದರು. ಹಳೆಯ ನೆನಪು ಡಿಮೆನ್ಷಿಯಾದಲ್ಲೂ ಬಹುಕಾಲ ಉಳಿದಿರುತ್ತದಾದ್ದರಿಂದ ಇದೊಂದೇ ಸಾಕ್ಷ್ಯವಾಗದು. ಮರೆವು ಯಾವಾಗ ಶುರುವಾಯಿತೆಂದು ಮನೆಯವರು ಹೆಚ್ಚುಕಡಿಮೆ ತಿಂಗಳು ಹಿಡಿದು ಹೇಳಬಲ್ಲವರಾಗಿದ್ದುದು ನಮಗೆ ಅದಕ್ಕಿಂತ ತೂಕದ ಸಂಗತಿಯಾಯಿತು. ಡಿಮೆನ್ಷಿಯಾ ಸಾಮಾನ್ಯವಾಗಿ ಹಾಗೆ ದಿನಾಂಕ ಇಟ್ಟುಕೊಂಡು ಬರುವುದಿಲ್ಲ.

ಮನಸ್ಸಿನ ಮಾತು ಹೊರಬರಲು ಮಗ ಹೊರಗೆ ಹೋಗಬೇಕಾಯಿತು. ಅಲ್ಲಿಯತನಕ ಪ್ರತಿ ಪ್ರಶ್ನೆಗೂ ಆತನೇ ಉತ್ತರಿಸುತ್ತಿದ್ದ. ಬೇಜಾರಿದೆಯೇ ಎಂದು ಕೇಳಿದರೆ ಇಲ್ಲವೆಂದರು. “ಬೇಜಾರು ಯಾಕೆ? ಮಗ ಚೆನ್ನಾಗಿ ನೋಡಿಕೊಳ್ತಾನೆ.” ಬೇಜಾರಿದೆ ಎಂದು ಒಪ್ಪಿಕೊಂಡರೆ ಅದು ಮಗನ ಮೇಲೆ ಹೊರಿಸಿದ ಅಪವಾದವಾಗುತ್ತದೆ, ಕೈಕಾಲಿನ ನಿಶ್ಶಕ್ತಿಯಾದರೆ ಯಾರನ್ನೂ ದೂರುವುದಿಲ್ಲ. ಹಿರಿಯರ ಖಿನ್ನತೆ ಮೈನೋವಿನ ಭಾಷೆಯಲ್ಲಿ ಮಾತಾಡುವುದಕ್ಕೆ ಅಜ್ಞಾನವೇ ಕಾರಣವೆಂದು ತಿಳಿಯುವವರು ಈ ಲೆಕ್ಕಾಚಾರವನ್ನು ಗಮನಿಸುವುದಿಲ್ಲ. ಪ್ರಶ್ನೆ ತಿರುಗಿಸಿ, ಮೊದಲು ಯಾವ ಕೆಲಸದಲ್ಲಿ ಖುಷಿಯಿತ್ತು, ಈಗ ಅದು ಹೇಗಿದೆ ಎಂದು ಕೇಳಿದಾಗ ಉತ್ತರ ಬಂತು: “ಈಗ ಏನೂ ಬೇಡ ಅನ್ನಿಸುತ್ತೆ. ನನ್ನಿಂದ ಯಾರಿಗೇನು ಉಪಯೋಗ?”

ಮನಸ್ಸು ಕುಗ್ಗಿರುವುದು ಅಥವಾ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಇವೆರಡರಲ್ಲಿ ಒಂದಾದರೂ ಸೇರಿದಂತೆ ಒಂಬತ್ತರಲ್ಲಿ ಐದು ಲಕ್ಷಣಗಳು ಎರಡು ವಾರ ಕಾಲ ಹೆಚ್ಚುಕಡಿಮೆ ಪ್ರತಿದಿನ ಇದ್ದರೆ ಅದನ್ನು ಖಿನ್ನತೆಯೆಂದು ಪರಿಗಣಿಸುವುದು ರೂಢಿ. ಇವರಲ್ಲಿ ಆರು ಇದ್ದವು. ಖಿನ್ನತೆಯನ್ನು ಅಳೆಯುವ, ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯೂ-9 ಎಲ್ಲ ಕಡೆ ಬಳಕೆಯಲ್ಲಿದೆಯಾದರೂ ಸುಸ್ತು, ನಿದ್ದೆ, ಹಸಿವು ಎಂಬ ಅದರ ಪ್ರಶ್ನೆಗಳಿಗೆ ವಯಸ್ಸಾದವರು ಬೇರೆ ಕಾಯಿಲೆಗಳ ದೆಸೆಯಿಂದಲೂ ಹೌದೆನ್ನಬಹುದು. ಆ ಗೊಂದಲ ತಪ್ಪಿಸಲೆಂದೇ ಮೈಯ ಲಕ್ಷಣಗಳನ್ನು ಬಹುಪಾಲು ಬದಿಗಿಟ್ಟು, ಹೌದು–ಇಲ್ಲ ಎಂಬ ಉತ್ತರ ಸಾಕಾಗುವಂತೆ ರೂಪಿಸಿದ, ಹಿರಿಯರ ಖಿನ್ನತೆ ಅಳೆಯುವ ಜೆರಿಯಾಟ್ರಿಕ್ ಡಿಪ್ರೆಶನ್ ಸ್ಕೇಲ್ ಇದೆ. ಅದರ 15 ಪ್ರಶ್ನೆಗಳ ಕಿರುರೂಪ ಬಂದದ್ದು 1986ರಲ್ಲಿ. ಐದು ದಾಟಿದರೆ ಅನುಮಾನ, ಹತ್ತು ಮುಟ್ಟಿದರೆ ಬಹುತೇಕ ಖಚಿತ. ಇವರ ಅಂಕ 11. ಕಿವಿ ಸ್ವಚ್ಛವಾದ ಮೇಲೆ, ಬಾಗಿಲು ಹಾಕಿಕೊಂಡು, ಪಕ್ಕದಲ್ಲಿ ಕುಳಿತು ಕೇಳಿದ ಪ್ರಶ್ನೆಗಳಿಗೆ ಬಂದ ಅಂಕವಿದು. ಜನರಿರುವ ಮೊಗಸಾಲೆಯಲ್ಲಿ ಕೂಗಿ ಕೇಳಿದ್ದರೆ ಎರಡೋ ಮೂರೋ ಬರುತ್ತಿತ್ತೆಂಬುದರಲ್ಲಿ ನಮಗೆ ಅನುಮಾನವಿಲ್ಲ.

ಸಾವಿನ ಆಲೋಚನೆಯ ಬಗ್ಗೆ ನೇರವಾಗಿಯೇ ಕೇಳಿದೆವು. ಕೇಳಿದರೆ ಇಲ್ಲದ ಆಲೋಚನೆ ಹುಟ್ಟುತ್ತದೆಂಬ ಭಯಕ್ಕೆ ಆಧಾರವಿಲ್ಲ. ಕೇಳಿಸಿಕೊಂಡವರು ಬಹಳ ಸಲ ಹಗುರಾಗುತ್ತಾರೆ. “ದೇವರು ಕರೆದುಕೊಂಡರೆ ಸಾಕು” ಎಂದರು. ಇದು ಹಿರಿಯರ ವಾಡಿಕೆಯ ಮಾತೆಂದು ಅಲ್ಲಿಗೇ ಬಿಡಬಹುದಿತ್ತು. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಕೇಳಿದಾಗ, ರಕ್ತದೊತ್ತಡದ ಮಾತ್ರೆಯನ್ನು ನಾಲ್ಕು ತಿಂಗಳಿಂದ ತಾವಾಗಿಯೇ ನಿಲ್ಲಿಸಿರುವುದು ತಿಳಿಯಿತು. “ಸುಮ್ಮನೆ ಯಾಕೆ ಎಳೀಬೇಕು?” ಮರೆತು ಬಿಟ್ಟ ಮಾತ್ರೆಯಲ್ಲ ಅದು. ಊಟ, ಔಷಧಗಳನ್ನು ಮೆಲ್ಲನೆ ಕೈಬಿಟ್ಟು ಸಾವನ್ನು ಕಾಯುವುದನ್ನು ಆತ್ಮಹಾನಿಯ ಒಂದು ರೂಪವಾಗಿಯೇ ನೋಡಬೇಕಾಗುತ್ತದೆ, ಹೊರಗಿನವರಿಗೆ ಅದು ಮರೆವಿನಂತೆ ಕಂಡರೂ. ಬೇರೆ ಯಾವ ಯೋಜನೆಯೂ ಅವರಲ್ಲಿರಲಿಲ್ಲ. ಆದರೂ ಮನೆಯ ಉಗ್ರಾಣದಲ್ಲಿ ಉಳಿದಿದ್ದ ಕೃಷಿ ರಾಸಾಯನಿಕಗಳನ್ನು ಅದೇ ದಿನ ಹೊರಗೆ ಸಾಗಿಸಿ, ಗುತ್ತಿಗೆದಾರರ ಬೀಗವಿರುವ ಕೋಣೆಗೆ ಸೇರಿಸಲು ಮಗನಿಗೆ ಹೇಳಿದೆವು. ಹಳೆಯ ನಿದ್ದೆಮಾತ್ರೆಗಳನ್ನು ಹಂತಹಂತವಾಗಿ ಇಳಿಸಿ ನಿಲ್ಲಿಸಿದೆವು.

ಚಿಕಿತ್ಸೆ, ಮತ್ತು ನಮ್ಮ ತಪ್ಪು

ಖಿನ್ನತೆಗೆ ಸರ್ಟ್ರಲಿನ್ ಎಂಬ ಮಾತ್ರೆ 25 ಮಿಲಿಗ್ರಾಂ, ಒಂದು ವಾರದ ನಂತರ 50. ಜೊತೆಗೆ ಅವರು ಬಿಟ್ಟಿದ್ದ ರಕ್ತದೊತ್ತಡದ ಮಾತ್ರೆಯನ್ನೇ ಮತ್ತೆ ಶುರುಮಾಡಿದೆವು. ಅದು ಥಯಝೈಡ್ ಗುಂಪಿನ, ಮೂತ್ರ ಹೆಚ್ಚಿಸುವ ಮಾತ್ರೆ. ಮರಳಿ ಬರಲು ನಾಲ್ಕು ವಾರ ಬಿಟ್ಟು ದಿನ ಕೊಟ್ಟೆವು. ತಪ್ಪಾದದ್ದು ಇಲ್ಲಿ.

ಸರ್ಟ್ರಲಿನ್ ಗುಂಪಿನ ಔಷಧಗಳು ದೇಹದಲ್ಲಿ ನೀರು ಉಳಿಯುವಂತೆ ಮಾಡಿ ರಕ್ತದ ಸೋಡಿಯಂ ಇಳಿಸಬಲ್ಲವು. ಥಯಝೈಡ್ ಕೂಡ ಸೋಡಿಯಂ ಇಳಿಸುತ್ತದೆ. ವಯಸ್ಸು, ಹೆಣ್ಣಾಗಿರುವುದು, ಕಡಿಮೆ ತೂಕ, ಈ ಮೂರೂ ಅಪಾಯವನ್ನು ಹೆಚ್ಚಿಸುವ ಅಂಶಗಳು. ಇಳಿತ ಹೆಚ್ಚಾಗಿ ಕಾಣಿಸಿಕೊಳ್ಳುವುದು ಮೊದಲ ಎರಡು ಮೂರು ವಾರಗಳಲ್ಲಿ. ಇದೆಲ್ಲ ಗೊತ್ತಿದ್ದೂ, ಆರಂಭದ ಅಂಕಿ 138 ಇತ್ತೆಂಬ ನೆಮ್ಮದಿಯಲ್ಲಿ ಎರಡನೆಯ ವಾರದ ರಕ್ತಪರೀಕ್ಷೆಯನ್ನು ನಾವು ಬರೆಯಲಿಲ್ಲ. 16ನೆಯ ದಿನ ಅವರಿಗೆ ವಾಕರಿಕೆ, ಓಲಾಡುವ ನಡಿಗೆ, ಸಂಜೆಯ ಹೊತ್ತಿಗೆ ಮಾತಿನಲ್ಲಿ ಗೊಂದಲ ಶುರುವಾಯಿತು. ನೆರೆಯವರು ವಾಹನ ಮಾಡಿಕೊಂಡು ದೊಡ್ಡ ಆಸ್ಪತ್ರೆಗೆ ತಲುಪಿಸಿದರು; ಸೋಡಿಯಂ 122 ಇತ್ತು. ಎರಡೂ ಔಷಧಗಳನ್ನು ನಿಲ್ಲಿಸಿ, ಕುಡಿಯುವ ನೀರಿಗೆ ಮಿತಿ ಹಾಕಿ, ಮಿದುಳಿಗೆ ಹಾನಿಯಾಗದಂತೆ ನಿಧಾನವಾಗಿ ಅದನ್ನು ಮೇಲೆ ತಂದರು. ಐದನೆಯ ದಿನ ಅವರು ಮನೆಗೆ ಮರಳಿದರು.

ಊರಿನಲ್ಲಿ ಆಗಿಹೋದ ಮಾತು ಬೇರೆ. ಹುಚ್ಚಿನ ಮಾತ್ರೆ ಕೊಟ್ಟು ಅಜ್ಜಿಯನ್ನು ಕೆಡಿಸಿದರು ಎಂದು ಸುದ್ದಿಯಾಯಿತು. ಮಗ ಫೋನಿನಲ್ಲಿ ಕೋಪದಿಂದ ಮಾತಾಡಿದ, ತಾಯಿಯನ್ನು ನಗರಕ್ಕೆ ಒಯ್ಯುವೆನೆಂದ. ತಪ್ಪು ಯಾವುದು, ಅದು ಯಾರದು ಎಂಬುದನ್ನು ನಾವು ಮುಚ್ಚಿಡದೆ ಹೇಳಿದೆವು: ಕೆಟ್ಟದ್ದು ಔಷಧವೊಂದರಿಂದಲ್ಲ, ಎರಡು ಔಷಧಗಳ ಜೋಡಿಯಿಂದ, ಹಿಡಿಯಬಹುದಾಗಿದ್ದ ಹೊತ್ತಿನಲ್ಲಿ ನಾವು ಪರೀಕ್ಷಿಸಲಿಲ್ಲ. ಹಾಗೆ ಹೇಳಿದ್ದರಿಂದಲೇ ಮುಂದಿನ ಮಾತಿಗೆ ದಾರಿ ಉಳಿಯಿತೆಂದು ಈಗ ಅನ್ನಿಸುತ್ತದೆ. ಖಿನ್ನತೆ ಇಳಿಯುವ ಮೊದಲು ಮನೆ ಬಿಡಿಸುವ, ಆಸ್ತಿ ಮಾರುವ ತೀರ್ಮಾನಗಳನ್ನು ಮುಂದೂಡಬೇಕೆಂದು ಕೇಳಿಕೊಂಡೆವು. ಮಗ ನಾಲ್ಕು ತಿಂಗಳ ಅವಕಾಶ ಕೊಟ್ಟ. ರಕ್ತದೊತ್ತಡಕ್ಕೆ ಆಮ್ಲೊಡಿಪಿನ್, ಖಿನ್ನತೆಗೆ ರಾತ್ರಿ ಮಿರ್ಟಝಪಿನ್ 7.5 ಮಿಲಿಗ್ರಾಂ, ಮುಂದೆ 15 ಎಂದು ಬದಲಾಯಿಸಿದೆವು. ಎರಡನೆಯದರಲ್ಲಿ ಸೋಡಿಯಂ ಇಳಿಯುವ ಸಂಭವ ಕಡಿಮೆ, ಹಸಿವು ಮತ್ತು ನಿದ್ದೆಗೆ ಅದು ನೆರವಾಗುತ್ತದೆ. ಈ ಸಲ ಒಂದನೆಯ ಮತ್ತು ಮೂರನೆಯ ವಾರ ರಕ್ತ ತೆಗೆದೆವು.

ಕೊಟ್ಟಿಗೆ

ಔಷಧದಷ್ಟೇ ಮುಖ್ಯವಾದ ಇನ್ನೊಂದು ಭಾಗವನ್ನು ವಹಿಸಿಕೊಂಡವರು ಆರೋಗ್ಯ ಕಾರ್ಯಕರ್ತೆ. ಹೆಚ್ಚು ಓದಿಲ್ಲದ, ಆದರೆ ತರಬೇತಿ ಪಡೆದ ಸ್ಥಳೀಯರು ವಾರಕ್ಕೊಮ್ಮೆ ಮಾತಾಡಿಸಿ, ಚಿಕ್ಕ ಸಮಸ್ಯೆಗಳನ್ನು ಒಂದೊಂದಾಗಿ ಬಿಡಿಸುವ ಕ್ರಮದಿಂದ ಏನಾದೀತು ಎಂದು ಕೇಳುವವರಿಗೆ ಗೋವಾದಲ್ಲಿ ನಡೆದ ಅಧ್ಯಯನವೊಂದರ ಉತ್ತರವಿದೆ. 60 ದಾಟಿದ, ಖಿನ್ನತೆಯ ಅಂಚಿನಲ್ಲಿದ್ದ 181 ಮಂದಿಯಲ್ಲಿ, ಇಂಥ ಭೇಟಿ ಪಡೆದವರ ಪೈಕಿ ಒಂದು ವರ್ಷದೊಳಗೆ ಖಿನ್ನತೆಗೆ ಜಾರಿದವರು ಶೇ. 4.4ರಷ್ಟು, ಪಡೆಯದವರಲ್ಲಿ ಶೇ. 14.4ರಷ್ಟು ಎಂದು 2019ರಲ್ಲಿ ಪ್ರಕಟವಾಯಿತು. ಖಿನ್ನತೆ ಆಗಲೇ ಇದ್ದ 1801 ಹಿರಿಯರ ಮೇಲೆ ಅಮೆರಿಕದಲ್ಲಿ ನಡೆದು 2002ರಲ್ಲಿ ಪ್ರಕಟವಾದ ಇಂಪ್ಯಾಕ್ಟ್ ಅಧ್ಯಯನದಲ್ಲಿ, ಒಬ್ಬ ನಿಗದಿತ ಕಾರ್ಯಕರ್ತರು ಬೆನ್ನುಹತ್ತಿ ವಿಚಾರಿಸುವ ವ್ಯವಸ್ಥೆಯಿದ್ದಾಗ ವರ್ಷದ ಕೊನೆಗೆ ಶೇ. 45ರಷ್ಟು ಮಂದಿಯ ಲಕ್ಷಣಗಳು ಅರ್ಧಕ್ಕಾದರೂ ಇಳಿದಿದ್ದವು. ಮಾಮೂಲಿ ಚಿಕಿತ್ಸೆಯಲ್ಲಿ ಈ ಪ್ರಮಾಣ ಶೇ. 19. ಮನೋವೈದ್ಯರು ಹತ್ತಿರದಲ್ಲಿಲ್ಲದ ಹಳ್ಳಿಗಳಿಗೆ ಈ ಅಂಕಿಗಳ ಬೆಲೆ ಹೆಚ್ಚು.

ಆದರೆ ನಮ್ಮ ಮೊದಲ ಪ್ರಯತ್ನ ಸೋತಿತು. ಒಂಟಿತನಕ್ಕೆ ಸಹವಾಸವೇ ಮದ್ದೆಂದು ಭಾವಿಸಿ, ಹಿರಿಯರು ವಾರಕ್ಕೊಮ್ಮೆ ಸೇರುವ ಕಡೆಗೆ ಅವರನ್ನು ಕಳಿಸಿದೆವು. ಇಪ್ಪತ್ತು ಜನ ಒಟ್ಟಿಗೆ ಮಾತಾಡುವ ಜಾಗದಲ್ಲಿ ಅವರಿಗೆ ಒಂದು ಮಾತೂ ಸರಿಯಾಗಿ ಕೇಳಿಸಲಿಲ್ಲ. ಎಲ್ಲರೂ ನಕ್ಕಾಗ ತಾವೂ ನಗಬೇಕೋ ಬೇಡವೋ ಎಂದು ತಿಳಿಯದೆ ಎರಡು ವಾರ ಕುಳಿತು ಬಂದರು, ಮೂರನೆಯ ವಾರ ಹೋಗಲಿಲ್ಲ. ಅಲ್ಲದೆ ಅವರಿಗೆ ಕೊರತೆಯಿದ್ದದ್ದು ಜನರದ್ದಲ್ಲ. ಹೊತ್ತಿಗೆ ಸರಿಯಾಗಿ ತನ್ನನ್ನು ಕಾಯುವ ಒಂದು ಜೀವದ್ದು.

ಕಾರ್ಯಕರ್ತೆ ಅವರ ದಿನವನ್ನು ಗಂಟೆ ಗಂಟೆಯಾಗಿ ಕೇಳಿ ಬರೆದುಕೊಂಡಾಗ ಬೆಳಿಗ್ಗೆ ಮೂರೂವರೆಯಿಂದ ಎಂಟರವರೆಗಿನ ಜಾಗ ಪೂರ್ತಿ ಖಾಲಿಯಿತ್ತು. ದಿನದ ಅತಿ ಕೆಟ್ಟ ಹೊತ್ತೂ ಅದೇ. ಮನಸ್ಸು ಸರಿಯಾದ ಮೇಲೆ ಕೆಲಸವೆಂದು ಕಾಯದೆ, ಕೆಲಸದ ಮೂಲಕವೇ ಮನಸ್ಸನ್ನು ಹಿಡಿದೆತ್ತುವ ಕ್ರಮ ಚಿಕಿತ್ಸೆಯಲ್ಲಿ ರೂಢಿಯಲ್ಲಿದೆ. ಯಾವ ಕೆಲಸವೆಂಬುದೇ ಇಲ್ಲಿದ್ದ ಪ್ರಶ್ನೆ. ಅಂಗಳ ಸುತ್ತಿ ಬನ್ನಿ, ಗಿಡಕ್ಕೆ ನೀರು ಹಾಕಿ ಎಂದರೆ ಅವರು ತಲೆಯಾಡಿಸಿ ಸುಮ್ಮನಿರುತ್ತಿದ್ದರು. ತನ್ನನ್ನು ತೊಡಗಿಸಲೆಂದೇ ಹುಟ್ಟಿಸಿದ ಕೆಲಸವನ್ನು ಐವತ್ತು ವರ್ಷ ದುಡಿದವರು ದೂರದಿಂದಲೇ ಗುರುತಿಸುತ್ತಾರೆ. ನೆರೆಮನೆಯ ಹಸು ಕರು ಹಾಕಿ ಕೆಚ್ಚಲುಬಾವಿನಿಂದ ಬಳಲುತ್ತಿದ್ದಾಗ ಆ ಮನೆಯಾಕೆ ನಿಜವಾಗಿಯೂ ಕಷ್ಟದಲ್ಲಿದ್ದಳು. ಕರುವಿಗೆ ಕೈಯಿಂದ ಹಾಲು ಕುಡಿಸಬೇಕಿತ್ತು, ಅವಳಿಗೆ ಹೊಲದ ಕೆಲಸವಿತ್ತು. ಕರುವನ್ನು ಅಜ್ಜಿಯ ಖಾಲಿ ಕೊಟ್ಟಿಗೆಗೆ ತಂದು ಕಟ್ಟಲಾಯಿತು. ಮೊದಲ ದಿನ ಅವರು “ನನ್ನ ಕೈಲಾಗಲ್ಲ” ಎಂದರು. ಎರಡನೆಯ ದಿನ ಕರು ಹಸಿದು ಕೂಗಿದಾಗ ಎದ್ದು ಹೋದರು. ಇದರಲ್ಲಿ ನಮ್ಮ ಜಾಣ್ಮೆಗಿಂತ ಆ ನೆರೆಯಾಕೆಯ ಕಷ್ಟದ ಪಾಲು ದೊಡ್ಡದೆಂದು ಒಪ್ಪಿಕೊಳ್ಳಬೇಕು.

ಮಗನಿಗೆ ಇದು ಒಪ್ಪಿಗೆಯಾಗಲಿಲ್ಲ. ಬಿದ್ದರೆ ಯಾರು ಹೊಣೆ ಎಂದ. ಪ್ರಶ್ನೆ ನ್ಯಾಯವಾದದ್ದೇ. ಜಾರುವ ನೆಲಕ್ಕೆ ಮಣ್ಣು ಹಾಕಿಸಿ, ಹಿಡಿದುಕೊಳ್ಳಲು ಅಡ್ಡಗೋಲು ಕಟ್ಟಿಸಿ, ದೀಪ ಹಾಕಿಸಿದ ಮೇಲೆ ಆತ ಸುಮ್ಮನಾದ. ರಾತ್ರಿಯ ಫೋನಿನಲ್ಲಿ ಹುಷಾರಾಗಿದ್ದೀಯಾ ಎಂದು ಕೇಳುವ ಬದಲು ಕರು ಇವತ್ತು ಏನು ಮಾಡಿತು ಎಂದು ಕೇಳಿ ನೋಡಿ ಎಂದಿದ್ದೆವು. ಅರ್ಧ ನಿಮಿಷದ ಮಾತು ಹತ್ತು ನಿಮಿಷಕ್ಕೆ ಹೋಯಿತಂತೆ.

ಮುಂದಿನ ಸ್ಥಿತಿ

ಎರಡನೆಯ ಔಷಧ ಶುರುವಾಗಿ ಆರು ವಾರಕ್ಕೆ ನಿದ್ದೆ, ಹಸಿವು ಸುಧಾರಿಸಿದವು. ಮನಸ್ಸು ತಿಳಿಯಾಗಲು ಅದಕ್ಕಿಂತ ಹೆಚ್ಚು ಕಾಲ ಹಿಡಿಯಿತು. 16ನೆಯ ವಾರ ಖಿನ್ನತೆಯ ಅಂಕ 4ಕ್ಕೆ ಇಳಿದಿತ್ತು, ತೂಕ 3 ಕಿಲೋ ಏರಿತ್ತು. ಸಾವಿನ ಮಾತು ನಿಂತಿತ್ತು. ಮೂರು ಪದಗಳಲ್ಲಿ ಎರಡನ್ನು ಸುಳಿವಿಲ್ಲದೆ ಹೇಳಿದರು, ಮೂರನೆಯದು ಸುಳಿವಿನೊಂದಿಗೂ ಬರಲಿಲ್ಲ. ಖಿನ್ನತೆ ಇಳಿದರೆ ಮರೆವೂ ಪೂರ್ತಿ ಹೋಗುತ್ತದೆಂದು ಮಗನಿಗೆ ನಾವು ಭರವಸೆ ಕೊಟ್ಟಿರಲಿಲ್ಲ. ಹೀಗೆ ಖಿನ್ನತೆಯ ಜೊತೆ ಮರೆವು ಕಾಣಿಸಿಕೊಂಡು ವಾಸಿಯಾದ ಹಿರಿಯರಲ್ಲಿ ಮುಂದಿನ ವರ್ಷಗಳಲ್ಲಿ ಡಿಮೆನ್ಷಿಯಾ ಬರುವ ಸಂಭವ ಇತರರಿಗಿಂತ ಹೆಚ್ಚು. ಆದ್ದರಿಂದ ಆರು ತಿಂಗಳಿಗೊಮ್ಮೆ ನೆನಪಿನ ಪರೀಕ್ಷೆ ಮುಂದುವರಿಯಬೇಕು. ಮಿರ್ಟಝಪಿನ್ ಅನ್ನು ಗುಣವಾದ ಮೇಲೂ ಒಂದು ವರ್ಷ ಮುಂದುವರಿಸಿ, ನಂತರ ನಿಧಾನವಾಗಿ ಇಳಿಸುವ ಆಲೋಚನೆಯಿದೆ. ಶ್ರವಣಯಂತ್ರವನ್ನು ಅವರು ಕೊಟ್ಟಿಗೆಯಲ್ಲಿ ಹಾಕಿಕೊಳ್ಳುವುದಿಲ್ಲ, ಫೋನ್ ಬಂದಾಗ ಹಾಕಿಕೊಳ್ಳುತ್ತಾರೆ.

ಹೊಲದ ವಿಷಯ ಇತ್ಯರ್ಥವಾಗಿಲ್ಲ. ನೆರೆಯಾಕೆಯ ಕರು ಬೆಳೆದು ವಾಪಸು ಹೋಗುವ ದಿನವೂ ದೂರವಿಲ್ಲ. ಆ ವಾರ ಕಾರ್ಯಕರ್ತೆ ಎರಡು ಸಲ ಭೇಟಿ ಕೊಡಬೇಕೆಂದು ಈಗಲೇ ಬರೆದಿಟ್ಟುಕೊಂಡಿದ್ದೇವೆ. ಆರನೆಯ ತಿಂಗಳ ಪರೀಕ್ಷೆಗೆ ಅವರು ಬರಲಿಲ್ಲ. ಹಳೆಯ ಸ್ಥಿತಿಗೆ ಮರಳಿದರೇನೋ ಎಂದು ಕಾರ್ಯಕರ್ತೆ ಮನೆಗೇ ಹೋದಾಗ, ಕರುವಿಗೆ ಎರಡು ದಿನದಿಂದ ಭೇದಿಯೆಂದೂ ಅದನ್ನು ಬಿಟ್ಟು ಬರುವುದು ಹೇಗೆಂದೂ ಕೇಳಿದರಂತೆ. ರಕ್ತವನ್ನು ಕೊಟ್ಟಿಗೆಯ ಬಾಗಿಲಲ್ಲೇ ತೆಗೆದುಕೊಂಡು ಬರಲಾಯಿತು. ಸೋಡಿಯಂ 137.